ಖಾರ ಹಿಡಿಯದ ಕಲ್ಲು

ನಮ್ಮ ದೇಶ ನಾನು ಹುಟ್ಟಿದಾಗಿನಿಂದಲೂ ಮುಂದುವರಿಯುತ್ತಲೇ ಇದೆ, ಇನ್ನೂ ಮುಂದುವರಿದು ಮುಗಿದಿಲ್ಲ. ಇದಕ್ಕೆ ತಜ್ಞರು ಬಗೆಬಗೆಯ ಕಾರಣ ಕೊಡುತ್ತಾರೆ. ಬಂಡವಾಳ ಸಾಲದು ಎನ್ನುತ್ತಾರೆ, ಕೌಶಲ ಸಾಲದು ಎನ್ನುತ್ತಾರೆ, ಮಳೆ ಸಾಲದು ಎನ್ನುತ್ತಾರೆ. ಎಲ್ಲಾ ಸುಳ್ಳು! ನಿಜವಾದ ಕಾರಣ ನನಗೆ ಗೊತ್ತು. ಆ ಕಾರಣ ಮಾನ್ವಿಯ ಒಂದು ಓಣಿಯಲ್ಲಿ, ಹಿಟ್ಟಿನ ಗಿರಣಿಯೊಂದರ ಮುಂದೆ, ಸ್ಟೂಲು ಹಾಕಿಕೊಂಡು ಕೂತಿದೆ. ತಲೆಗೆ ಬಿಳಿ ಟೋಪಿ, ಹುಬ್ಬಿನ ತುಂಬ ಹಿಟ್ಟು, ದವಡೆಯಲ್ಲಿ ಒಂದು ಲವಂಗ. ನೀವು ಜೋಳದ ಡಬ್ಬಿ ಹೊತ್ತುಕೊಂಡು ಹೋದರೆ ಅದು ಮೊದಲು ಡಬ್ಬಿ ನೋಡುತ್ತದೆ, ಆಮೇಲೆ ನಿಮ್ಮ ಮುಖ ನೋಡುತ್ತದೆ, ಆಮೇಲೆ "ನಾಳಿ ಬರ್ರಿ" ಎನ್ನುತ್ತದೆ.

ಈ ಕಾರಣವನ್ನು ಇಡೀ ಓಣಿ 'ಚಾಚಾ' ಎಂದು ಕರೆಯುತ್ತದೆ. ಎಪ್ಪತ್ತು ದಾಟಿದ ಹಿರಿಯ. ನಾನು ಏಕವಚನದಲ್ಲಿ ಬರೆಯುತ್ತಿದ್ದೇನೆ ಎಂದು ಹುಬ್ಬೇರಿಸಬೇಡಿ. ನಮ್ಮ ಕಡೆ ತೀರಾ ಪ್ರೀತಿಯಿದ್ದಲ್ಲಿ ಏಕವಚನ, ತೀರಾ ಸಿಟ್ಟು ಬಂದಲ್ಲಿಯೂ ಏಕವಚನ. ಇದು ಯಾವುದು ಎಂದು ಕೇಳಬೇಡಿ. ಸದ್ಯಕ್ಕೆ ಸಿಟ್ಟು ಎಂದಿಟ್ಟುಕೊಳ್ಳಿ.

ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು. ರಾಷ್ಟ್ರೀಯ ಉತ್ಪನ್ನ, ಬೆಳವಣಿಗೆಯ ದರ, ಬೃಹತ್ ಪ್ರಮಾಣದ ಉತ್ಪಾದನೆಯ ಅನುಕೂಲಗಳು ಎಂದು ಹೇಳಿ ಹೇಳಿ ಗಂಟಲು ಸವೆಸಿಕೊಂಡಿದ್ದೇನೆ. ಅಂಥ ನಾನು ಪ್ರತಿ ಭಾನುವಾರ ಜೋಳದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರಾಯಚೂರಿನಿಂದ ಮಾನ್ವಿಗೆ ಬಸ್ಸಿನಲ್ಲಿ ಹೋಗುತ್ತೇನೆ! ಒಮ್ಮೆ ಕಂಡಕ್ಟರ್ ಕೇಳಿದ, "ಸರ್, ಕಾಲೇಜಿನ್ಯಾಗ ಏನು ಕಲಸ್ತೀರಿ?" ಅರ್ಥಶಾಸ್ತ್ರ ಎಂದೆ. ಆತ ಡಬ್ಬಿಯನ್ನು ನೋಡಿದ, ನನ್ನನ್ನು ನೋಡಿದ, ಚೀಟಿ ಹರಿದುಕೊಟ್ಟು ಮುಂದಿನ ಸೀಟಿಗೆ ಹೋದ.

ರಾಯಚೂರಿನಲ್ಲಿ ಗಿರಣಿಗಳಿಗೆ ಬರ ಬಂದಿದೆಯೇ? ನಮ್ಮ ಮನೆಯ ಸುತ್ತಲೇ ಮೂರಿವೆ. ಆದರೆ ನನ್ನೊಂದಿಗೆ ಇರುವ ನಮ್ಮವ್ವ ಒಪ್ಪಬೇಕಲ್ಲ! ವಯಸ್ಸಿನಲ್ಲಿ ಮಾನ್ವಿಯ ಅದೇ ಓಣಿಯಲ್ಲಿದ್ದು ಕೂಲಿ ಮಾಡಿ ನಮ್ಮನ್ನು ಓದಿಸಿದವಳು, ಈಗ ಎಲ್ಲ ವಿಷಯದಲ್ಲೂ ಹೊಂದಿಕೊಂಡಿದ್ದಾಳೆ, ಹಿಟ್ಟಿನ ವಿಷಯದಲ್ಲಿ ಮಾತ್ರ ಇಲ್ಲ. "ಚಾಚಾನ ಕಲ್ಲಿಗೆ ಖಾರ ಹಿಡಿಯಂಗಿಲ್ಲಪ್ಪ" ಎನ್ನುತ್ತಾಳೆ. ಗಿರಣಿಯ ಸಂಗತಿ ತಿಳಿಯದವರಿಗೆ ಹೇಳಬೇಕು. ಒಂದೇ ಕಲ್ಲಿನಲ್ಲಿ ಎಲ್ಲವನ್ನೂ ಬೀಸುವ ಗಿರಣಿಯಲ್ಲಿ ಮೆಣಸಿನಕಾಯಿ ಬೀಸಿದ ಮೇಲೆ ಯಾರ ಜೋಳ ಬೀಳುತ್ತದೋ ಅವರ ಹಿಟ್ಟಿಗೆ ಖಾರ ಹತ್ತುತ್ತದೆ. ಹೀಗಾಗಿ ಮೆಣಸಿನಕಾಯಿಯ ಹಿಂದಿನ ಪಾಳಿ ನನಗೆ ಬೇಡ, ನಿನಗಿರಲಿ ಎಂದು ಎಲ್ಲ ಗಿರಣಿಗಳಲ್ಲಿಯೂ ಹೆಂಗಸರು ಜಡೆ ಹಿಡಿದು ಜಗಳಾಡುತ್ತಾರೆ. ಚಾಚಾನ ಗಿರಣಿಯಲ್ಲಿ ಆ ಜಗಳವೇ ಇಲ್ಲ. ಮಂಗಳವಾರ ಸಂಜೆ ಮೆಣಸಿನಕಾಯಿ, ಅದರ ಬೆನ್ನಿಗೇ ಜೋಳ, ಆದರೂ ಹಿಟ್ಟು ಹಾಲಿನ ಹಾಗೆ ಸಪ್ಪಗೆ! ಕೇಳಿದರೆ ಚಾಚಾ ಎದೆಯುಬ್ಬಿಸಿ ಹೇಳುತ್ತಿದ್ದ, "ಇದು ನಿಜಾಮನ ಜಮಾನಾದ ಕಲ್ಲು. ಹೈದರಾಬಾದಿನಿಂದ ನಮ್ಮಜ್ಜ ಗಾಡಿ ಮ್ಯಾಲ ತಂದಾನ. ಇದಕ್ಕ ಖಾರ ಹಿಡಿಯಂಗಿಲ್ಲ."

ಕಲ್ಲೇನೋ ಒಳ್ಳೆಯದೇ. ಅದರ ಮಾಲೀಕನ ಕತೆ ಕೇಳಿ.

ಈ ಮಹಾಶಯ ಗಿರಣಿ ನಡೆಸುವುದು ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು. ಅಷ್ಟೇ. ಬೆಳಿಗ್ಗೆ ಹತ್ತು ಹೊಡೆದರೆ ಸರತಿಯಲ್ಲಿ ಯಾರೇ ಇರಲಿ, ಮೋಟಾರು ಬಂದ್. ಬಂದ್ ಮಾಡಿ ಸುಮ್ಮನಾಗುವ ಆಸಾಮಿಯೂ ಅಲ್ಲ; ಮೋಟಾರಿಗೂ ಕಲ್ಲಿಗೂ ಹಾಕಿದ ಪಟ್ಟಾವನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಮನೆಗೆ ಹೊರಡುತ್ತಾನೆ. ಬೇರೆ ಯಾರೂ ಕದ್ದು ಗಿರಣಿ ಓಡಿಸಬಾರದಂತೆ! ಮಧ್ಯಾಹ್ನ ಆ ಪಟ್ಟಾವನ್ನೇ ಸುತ್ತಿ ತಲೆದಿಂಬು ಮಾಡಿಕೊಂಡು ಮಲಗುತ್ತಾನೆ. ಒಂದು ಸಲ ಯಾರದೋ ನಿಕಾಹ್‌ಗೆಂದು ರೈಲಿನಲ್ಲಿ ಹೋಗುವಾಗಲೂ ಪಟ್ಟಾ ಚೀಲದಲ್ಲಿತ್ತು. ಚೀಲ ತಪಾಸಣೆ ಮಾಡಿದ ಪೊಲೀಸಿನವನು ಇದೇನು ಎಂದು ಕೇಳಿದ್ದಕ್ಕೆ "ನನ್ನ ದುಕಾನ್ ಸಾಬ್" ಎಂದನಂತೆ.

ನಾನು ಎಷ್ಟೋ ಸಲ ತಿಳಿಸಿ ಹೇಳಿದೆ.

"ಚಾಚಾ, ದಿನಕ್ಕ ಇಪ್ಪತ್ನಾಕು ತಾಸು. ನಿಮ್ಮ ಮಷಿನ್ ನಾಕು ತಾಸು ಓಡ್ತದ. ಉಳಿದ ಇಪ್ಪತ್ತು ತಾಸು ಸುಮ್ನ ನಿಂತಿರ್ತದ. ಇದಕ್ಕ ನಮ್ಮ ಶಾಸ್ತ್ರದಾಗ ಏನಂತಾರ ಗೊತ್ತದೇನು?"

"ನಮ್ಮ ಶಾಸ್ತ್ರದಾಗ ನಿದ್ದಿ ಅಂತಾರ" ಎಂದ.

ಎರಡನೆಯ ಕಾಯಿದೆ ಇನ್ನೂ ಘೋರ. ಎಂಟು ದಿನಕ್ಕೆ ಒಂದು ಮನೆಗೆ ಎಷ್ಟು ಹಿಟ್ಟು ಬೇಕೋ ಅಷ್ಟನ್ನೇ ಬೀಸುತ್ತಾನೆ. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ರೊಟ್ಟಿ ಬಡಿಯುವಾಗ ಹರಿಯುತ್ತದೆ, ಬೈಗುಳ ಗಿರಣಿಯವನಿಗೆ ಬರುತ್ತದೆ ಎಂಬುದು ಅವನ ವಾದ. ಯಾರ ಮನೆಯಲ್ಲಿ ಎಷ್ಟು ಹೊಟ್ಟೆ ಎಂಬುದು ಅವನಿಗೆ ಬಾಯಿಪಾಠ. ಒಬ್ಬಳು ಡಬ್ಬಿ ತುಂಬ ತಂದರೆ "ಏನಮ್ಮ, ಮದುವಿ ಅದ ಏನು? ನನ್ನ ಕರೀಲೇ ಇಲ್ಲಲ್ಲ!" ಎಂದು ಇಡೀ ಓಣಿಗೆ ಕೇಳುವಂತೆ ಕೂಗುತ್ತಾನೆ. ಹಿರೇಕೊಟ್ನೆಕಲ್ಲಿನಿಂದ ಒಮ್ಮೆ ನಿಜವಾಗಿಯೂ ಮದುವೆಯವರು ಗೋಧಿಯ ಚೀಲವನ್ನೇ ತಂದಿದ್ದರು. "ದೊಡ್ಡ ಗಿರಣಿಗೆ ಹೋಗ್ರಿ. ನಾ ನಿಮ್ಮ ಗೋಧಿ ಬೀಸ್ಕೋತ ಕುಂತ್ರ ಇವತ್ತು ಸಂಜಿಗೆ ನಮ್ಮೋರು ಏನು ಬಡೀಬೇಕು?" ಎಂದು ಹೊರಡಿಸಿಬಿಟ್ಟ. ಮನೆಬಾಗಿಲಿಗೆ ಬಂದ ಗಿರಾಕಿಯನ್ನು ಎದುರಿನ ಅಂಗಡಿಯ ದಾರಿ ತೋರಿಸಿ ಕಳಿಸುವ ಉದ್ಯಮಿಯನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಕಂಡಿಲ್ಲ.

ಅವನ ಅಜ್ಞಾನಕ್ಕೆ ಮದ್ದು ಕೊಡಲೇಬೇಕೆಂದು ಒಂದು ಭಾನುವಾರ ನಾನು ಬೆಳವಣಿಗೆಯ ಸಿದ್ಧಾಂತವನ್ನೇ ತೆಗೆದೆ. ದೇಶ ಪ್ರತಿ ವರ್ಷ ಹೋದ ವರ್ಷಕ್ಕಿಂತ ಹೆಚ್ಚು ಉತ್ಪಾದಿಸಬೇಕು, ಅದಕ್ಕೇ ಬೆಳವಣಿಗೆ ಎನ್ನುತ್ತಾರೆ ಎಂದೆ.

"ಎಲ್ಲೀತನಕ?" ಎಂದ.

"ಎಲ್ಲೀತನಕ ಅಂತ ಇಲ್ಲ ಚಾಚಾ. ಬೆಳೀತನೇ ಇರಬೇಕು."

"ಹಂಗಾದ್ರ ಅಂಗಿ ಹೊಲಿಯಾಂವಗ ಸುಗ್ಗಿ!"

ನಗಬೇಡಿ, ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ನನಗೆ ತಿಳಿಸಿ. ನಾನು ಮಾತು ಬದಲಿಸಿ, ದೇಶದ ಉತ್ಪನ್ನವನ್ನು ಹೇಗೆ ಅಳೆಯುತ್ತಾರೆ ಎಂದು ವಿವರಿಸತೊಡಗಿದೆ. ಆತ ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಹಾಕಿಕೊಂಡು ಕೇಳಿದ, "ನಿಮ್ಮ ಚಾಚಿ ಬಡಿಯೋ ರೊಟ್ಟಿ ಅದರಾಗ ಬರ್ತದೇನು?"

"ಇಲ್ಲ. ಮನಿ ಕೆಲಸ ಅದರಾಗ ಬರಂಗಿಲ್ಲ."

"ಹೋಟೆಲ್ ರೊಟ್ಟಿ?"

"ಅದು ಬರ್ತದ."

"ಹೋಟೆಲ್ ರೊಟ್ಟಿ ತಿಂದು ಹೊಟ್ಟಿ ಕೆಟ್ಟು ದವಾಖಾನಿಗೆ ಹೋದ್ರ?"

"ಅದೂ... ಬರ್ತದ."

ಗಿರಣಿಯ ಹಿಂದೆಯೇ ಮನೆ. ಚಾಚಾ ಅತ್ತ ತಿರುಗಿ ಕೂಗಿದ, "ಏ, ಸುನೇ ಕ್ಯಾ, ಕೇಳಿದೇನು? ನಿನ್ನ ರೊಟ್ಟಿ ತಿಂದು ನಾ ಆರಾಮ ಅದೀನಂತ ದೇಶ ಉದ್ಧಾರ ಆಗವಲ್ದಂತ!" ಸರತಿಯಲ್ಲಿ ನಿಂತ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಅಷ್ಟು ಜನರ ಮುಂದೆ ನನ್ನ ಶಾಸ್ತ್ರದ ಮಾನ ಹೋಯಿತು.

ಅವತ್ತೇ ಹಟ ತೊಟ್ಟೆ. ಸರ್ಕಾರದ ಸಹಾಯಧನದಲ್ಲಿ ಹೊಸ ಮಷಿನ್ ಕೊಡಿಸುವ ಯೋಜನೆಯೊಂದಿತ್ತು. ಈ ನಿಜಾಮನ ಕಲ್ಲನ್ನು ಎತ್ತಿ ಹೊರಗೆಸೆದು ಅಲ್ಲಿ ಹೊಸ ಮಷಿನ್ ಕೂರಿಸಿಯೇ ತೀರುತ್ತೇನೆ ಎಂದು ಅರ್ಜಿಯನ್ನು ಪೂರ್ತಿ ನಾನೇ ತುಂಬಿದೆ. ಚಾಚಾನ ಒಂದು ಸಹಿ ಮಾತ್ರ ಬಾಕಿ. ಆ ಒಂದು ಸಹಿಗಾಗಿ ಅರ್ಜಿ ನನ್ನ ಚೀಲದಲ್ಲಿ ಎರಡು ವರ್ಷ ಮಾನ್ವಿಗೂ ರಾಯಚೂರಿಗೂ ತಿರುಗಾಡಿತು.

ಸಾಕ್ಷಿ ಸಮೇತ ಒಪ್ಪಿಸೋಣವೆಂದು ನಾಲ್ವರು ವಿದ್ಯಾರ್ಥಿನಿಯರನ್ನು ಕರೆದೊಯ್ದು, ಒಂದು ಮಂಗಳವಾರ ಗಿರಣಿಯ ಕೆಲಸವನ್ನು ನಿಮಿಷ ನಿಮಿಷ ಅಳೆಸಿದೆ. "ತಾಸಿಗೆ ಎಷ್ಟು ಕಿಲೋ ಬೀಸ್ತೀರ್ರಿ?" ಎಂದು ಒಬ್ಬಳು ಕೇಳಿದ್ದಕ್ಕೆ "ಜಗಳ ಇಲ್ಲಂದ್ರ ಜಾಸ್ತಿ, ಜಗಳ ಚಲೋ ಇದ್ರ ಕಮ್ಮಿ" ಎಂದ. ಆದರೂ ಹುಡುಗಿಯರು ಜಾಣೆಯರು, ಸೋರಿಕೆ ಎಲ್ಲಿದೆ ಎಂದು ಕಂಡುಹಿಡಿದರು. ಮೊದಲನೆಯ ಸೋರಿಕೆ ಮಾತು. ಪ್ರತಿಯೊಬ್ಬಳ ಡಬ್ಬಿ ಸುರಿಯುವ ಮುಂಚೆ ಚಾಚಾ ಪಂಚಾಯ್ತಿ ಮಾಡುತ್ತಿದ್ದ: ಮಗಳಿಗೆ ಹೆರಿಗೆಯಾಯಿತೇ, ಗಂಡನ ಕೆಮ್ಮು ಹೇಗಿದೆ, ಅತ್ತೆಗೆ ಹಲ್ಲು ಎಷ್ಟು ಉಳಿದಿವೆ. ವರದಿಯಲ್ಲಿ ಇದನ್ನು 'ಅನುತ್ಪಾದಕ ಮಾತುಕತೆ' ಎಂದು ಬರೆದೆವು.

ಎರಡನೆಯದು ಸೋರಿಕೆಯಲ್ಲ, ಹಗಲುದರೋಡೆ! ಮೆಣಸಿನಕಾಯಿಯನ್ನು ದಿನವಿಡೀ ಬಿಸಿಲಲ್ಲಿ ಒಣಗಿಸಿ, ಗರಿಗರಿ ಇರುವಾಗಲೇ ಸಂಜೆ ನಾಲ್ಕಕ್ಕೆ ತರುತ್ತಾರೆ. ಅದು ಮುಗಿಯುವ ಹೊತ್ತಿಗೆ ಕೂಲಿಗೆ ಹೋದ ಹೆಂಗಸರು ಬಂದು ಜೋಳದ ಡಬ್ಬಿ ಇಟ್ಟು ನಿಲ್ಲುತ್ತಾರೆ. ಆಗ ಈತ ಎದ್ದು "ಕಲ್ಲು ತಣ್ಣಗಾಗ್ಲಿ, ಎಲ್ಲಾರೂ ಹೊರಗ ನಡೀರಿ" ಎಂದು ಷಟರ್ ಅರ್ಧ ಎಳೆದು ಒಳಗೆ ಒಬ್ಬನೇ ಉಳಿಯುತ್ತಾನೆ. ಒಳಗೆ ಗಿರಣಿ ಓಡುವ ಸದ್ದು! ಪೂರ್ತಿ ಕಾಲು ತಾಸು! ಕಲ್ಲು ತಣ್ಣಗಾಗಲು ಅದನ್ನು ತಿರುಗಿಸುತ್ತಾರೆಯೇ? ಬಿಸಿ ಚಹಾ ಆರಲಿ ಎಂದು ಒಲೆಯ ಮೇಲೆ ಇಟ್ಟ ಹಾಗಾಯಿತು. ಅಷ್ಟು ಹೊತ್ತು ಕರೆಂಟು ಸುಡುತ್ತ ಖಾಲಿ ಕಲ್ಲು ತಿರುಗಿಸುವ ಮನುಷ್ಯನಿಗೆ ಏನೆನ್ನಬೇಕು? ನಾವು ಸಭ್ಯವಾಗಿ 'ಶುದ್ಧ ನಷ್ಟ' ಎಂದು ಬರೆದೆವು. ಆ ವರದಿ ಓದಿ ಹೇಳಿದಾಗ ಚಾಚಾ ನನ್ನ ಕಡೆ ನೋಡದೆ ಷಟರಿನ ಕಡೆ ನೋಡಿದ. ಟೋಪಿ ತೆಗೆದು, ಕೊಡವಿ, ಮತ್ತೆ ಹಾಕಿಕೊಂಡ. ಗೆದ್ದೆ ಎಂದುಕೊಂಡೆ.

ಕಬ್ಬಿಣ ಕಾದಾಗಲೇ ಬಡಿಯಬೇಕಲ್ಲವೇ? ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೇವದುರ್ಗದಲ್ಲಿ ಜೋಳದ ಹಿಟ್ಟಿನ ದೊಡ್ಡ ಘಟಕ ಹಾಕಿದ್ದ. ಚಾಚಾನನ್ನು ಬಾಡಿಗೆ ಕಾರಿನಲ್ಲಿ ಅಲ್ಲಿಗೆ ಕರೆದೊಯ್ದೆ, ಪಟ್ಟಾ ಸಮೇತ. ಒಂದು ಕಡೆ ಜೋಳ ಸುರಿದರೆ ಇನ್ನೊಂದು ಕಡೆ ಅಂಟಿಸಿದ ಪಾಕೀಟು ಬೀಳುತ್ತಿತ್ತು. ಮನುಷ್ಯರು ಮೂರೇ ಜನ, ಅವರೂ ಗುಂಡಿ ಒತ್ತುವವರು. ನಾನು ರೋಮಾಂಚನಗೊಂಡು ನೋಡುತ್ತಿದ್ದೆ. ಚಾಚಾ ಮಾಲೀಕನನ್ನು ಕೇಳಿದ, "ಈ ಹಿಟ್ಟು ಯಾರ ಮನಿಗೆ ಹೋಗ್ತದಪ್ಪ?"

"ದೂರ ದೂರ ಹೋಗ್ತದ್ರಿ. ಯಾರ ಮನಿಗಂತ ನಮಗೂ ಗೊತ್ತಿಲ್ಲ."

"ಹಂಗಾರ ಬೈಯ್ಯಾಕ ಯಾರೂ ಬರಂಗಿಲ್ಲ. ಭಾಳ ಚಲೋ ಧಂದಾ!"

ಹುಡುಗ ಸಂಕೋಚಪಟ್ಟು, ಊಟಕ್ಕೆ ಮನೆಗೆ ಕರೆದೊಯ್ದ. ಅವನ ತಾಯಿ ಬಿಸಿ ರೊಟ್ಟಿ ಹಾಕಿದಳು. ಹೂವಿನ ಹಾಗೆ ಮೆತ್ತಗಿತ್ತು. ಇದೇ ನೋಡಿ ದೊಡ್ಡ ಪ್ರಮಾಣದ ಉತ್ಪಾದನೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಚಾಚಾ ಕೇಳಿದ, "ಯವ್ವಾ, ಇದು ಮಗನ ಮಷಿನ್ದಾಗ ಬೀಸಿದ್ದೇನು?"

"ಇಲ್ಲಪ್ಪ, ಆ ಪಾಕೀಟಿನ ಹಿಟ್ಟು ಯಾರು ತಿಂತಾರ? ನಮ್ಮ ಓಣಿ ಗಿರಣ್ಯಾಗ ಬೀಸಿಸಿದ್ದು" ಎಂದಳು ಆ ಮಹಾತಾಯಿ.

ಮಾನ್ವಿ ಮುಟ್ಟುವವರೆಗೆ ಚಾಚಾ ಹಿಂದಿನ ಸೀಟಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಕಾರಿನ ಕನ್ನಡಿಯಲ್ಲಿ ಮಾತ್ರ ಅವನ ಟೋಪಿ ಕುಲುಕುತ್ತಿರುವುದು ಕಾಣುತ್ತಿತ್ತು. ನಗುತ್ತಿದ್ದ!

ಕಡೆಗೊಮ್ಮೆ ನನಗೂ ಒಂದು ಅವಕಾಶ ಬಂತು. ಹೋದ ಬೇಸಿಗೆಯಲ್ಲಿ ಚಾಚಾನ ಕಣ್ಣಿಗೆ ಪೊರೆ ಬಂದು, ರಾಯಚೂರಿನಲ್ಲಿ ಆಪರೇಷನ್ ಮಾಡಿಸಬೇಕಾಯಿತು. ಭಾನುವಾರ ಹೋಗಿ ಮಂಗಳವಾರ ಸಂಜೆ ಬರುವುದು, ಅಲ್ಲಿಯವರೆಗೆ ಮಗಳ ಮನೆಯಲ್ಲಿರುವುದು. ಮೂರು ದಿನ ಓಣಿಯವರು ಹಿಟ್ಟಿಗೆ ಏನು ಮಾಡಬೇಕು? ನನಗೆ ಕಾಲೇಜಿನ ರಜೆ. ಗಿರಣಿ ನಾನು ನಡೆಸುತ್ತೇನೆ ಎಂದೆ. ಚಾಚಾ ಪಟ್ಟಾ ಸವರುತ್ತ, "ಬೇಟಾ, ಒಂದು ಮಾತು" ಎಂದ. "ನನ್ನ ದುಕಾನಿಗೆ ಒಂದೇ ಪರೀಕ್ಷಾ. ಬೀಸಿಸಿಕೊಂಡು ಹೋದಾಕಿ ತಿರುಗಿ ಬಂದು ಬೈಬಾರದು. ಮೂರು ದಿನ ಹಂಗ ನಡಸಿದಿ ಅಂದ್ರ ನಿನ್ನ ಅರ್ಜಿಗೆ ಸೈನ್ ಹಾಕ್ತೀನಿ. ಈ ಕಲ್ಲು ತಗದು ಒಗೀತೀನಿ."

"ಬೈದ್ರ?"

"ಬೈದ್ರ ನೀ ಸುಮ್ನ ಡಬ್ಬಿ ತಂದು ಹಿಟ್ಟು ಒಯ್ಯೋದು. ಶಾಸ್ತ್ರ ಹೇಳಂಗಿಲ್ಲ." ಪಟ್ಟಾ ನನ್ನ ಹೆಗಲಿಗೆ ಹಾಕಿ ಹೊರಟವನು ಮತ್ತೆ ತಿರುಗಿ ಬಂದ. "ಈ ಮಂಗಳವಾರ ಮೆಣಸಿನಕಾಯಿ ಹಾಕಬ್ಯಾಡ. ಬಂದ್ ಅಂತ ಹೇಳು."

ಯಾಕೆಂದು ಕೇಳಿದೆ. "ಯಾಕಂತ ಕೇಳಬ್ಯಾಡ" ಎಂದ. ಕಾರಣ ಹೇಳಲಾಗದ ಕಾಯಿದೆಗಳಿಂದಲೇ ಅಲ್ಲವೇ ಈ ದೇಶ ಹಾಳಾಗಿರುವುದು!

ಆ ಮೂರು ದಿನ ಮಾನ್ವಿಯಲ್ಲಿ ಕೈಗಾರಿಕಾ ಕ್ರಾಂತಿ ನಡೆಯಿತು. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಗಿರಣಿ ನಿಲ್ಲಲಿಲ್ಲ. ಎಂಟು ದಿನದ ಕಾಯಿದೆ ರದ್ದು, ಚೀಲಗಟ್ಟಲೆ ತಂದವರಿಗೂ ಸ್ವಾಗತ. ಡಬ್ಬಿಗಳ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆದೆ. ಮಾತು ಬಂದ್! "ಡಬ್ಬಿ ಇಡ್ರಿ, ಹೋಗ್ರಿ, ತಾಸಿನ ಮ್ಯಾಲ ಬಂದು ಒಯ್ಯಿರಿ." ಒಬ್ಬ ಮುದುಕಿ "ಮೇಷ್ಟ್ರ, ನಮ್ಮ ಮೊಮ್ಮಗಳು..." ಎಂದು ಶುರು ಮಾಡಿದಳು, ಮೊಮ್ಮಗಳು ಏನಾದಳೋ, ಹನ್ನೊಂದನೇ ನಂಬರು ಎಂದು ಕಳಿಸಿದೆ. ಒಂದೇ ದಿನದಲ್ಲಿ ಚಾಚಾ ಬೀಸುವುದರ ಮೂರು ಪಟ್ಟಿಗೂ ಹೆಚ್ಚು! ಹಿಟ್ಟು ಬಳಿದ ನನ್ನ ಮುಖವನ್ನು ಕನ್ನಡಿಯಲ್ಲಿ ನೋಡಿಕೊಂಡಾಗ ದೇಶದ ಬಗ್ಗೆ ನನಗೇ ಭರವಸೆ ಹುಟ್ಟಿತು.

ಮಂಗಳವಾರ ಸಂಜೆ ರೂಢಿಯ ಪ್ರಕಾರ ಮೆಣಸಿನಕಾಯಿಯವರು ಬಂದರು. ಒಬ್ಬರಲ್ಲ, ಆರು ಮನೆಯವರು. ಬೇಸಿಗೆಯಲ್ಲಿ ವರ್ಷದ ಖಾರ ಬೀಸಿಸುವ ಕಾಲ. ಬಾಗಿಲಿಗೆ ಬಂದ ಉತ್ಪಾದನೆಯನ್ನು ಯಾರೋ ಮುದುಕ ಬೇಡವೆಂದ ಎಂದು ಹಿಂದಕ್ಕೆ ಕಳಿಸುವುದೇ? ಬೀಸಿದೆ. ಸೀನುತ್ತ, ಕೆಮ್ಮುತ್ತ, ಆರೂ ಮನೆಯದನ್ನು ಬೀಸಿದೆ. ಅದು ಮುಗಿದ ಕೂಡಲೇ ಷಟರ್ ಎಳೆಯಲಿಲ್ಲ, ಖಾಲಿ ಕಲ್ಲು ತಿರುಗಿಸಲಿಲ್ಲ, ಶುದ್ಧ ನಷ್ಟಕ್ಕೆ ಒಂದು ನಿಮಿಷ ಕೊಡಲಿಲ್ಲ. ಖಾರ ಹಿಡಿಯದ ಕಲ್ಲಲ್ಲವೇ? ಮುಂದಿನ ನಂಬರಿನ ಜೋಳ ಸುರಿದೆ.

ಬುಧವಾರ ಬೆಳಿಗ್ಗೆ ಚಾಚಾ ಕರಿ ಕನ್ನಡಕ ಹಾಕಿಕೊಂಡು ಗಿರಣಿಗೆ ಬಂದ. ಹಿಂದಿನ ರಾತ್ರಿ ತಡವಾಗಿ ಊರಿಗೆ ಬಂದಿದ್ದನಂತೆ. ನಾನು ಮೂರು ದಿನದ ಸಾಧನೆಯನ್ನು ವಿವರಿಸಿದೆ. ಮೆಣಸಿನಕಾಯಿಯನ್ನೂ ಬಿಡಲಿಲ್ಲ ಎಂದಾಗ ಅವನು ಕೂತಲ್ಲಿಂದ ಎದ್ದು ನಿಂತ. "ಅದರ ಹಿಂದ ಯಾರ ಜ್ವಾಳ ಹಾಕಿದಿ?" ಎಂದ. ಯಾರದೆಂದು ನನಗೇನು ಗೊತ್ತು? ಹತ್ತೊಂಬತ್ತನೇ ನಂಬರು ಎಂದೆ.

ಹತ್ತೊಂಬತ್ತನೇ ನಂಬರು ಆಗಲೇ ಓಣಿಯ ತಿರುವಿನಲ್ಲಿ ಬರುತ್ತಿತ್ತು. ಬಾಗಲವಾಡದ ಕಡೆ ಕೂಲಿಗೆ ಹೋಗುವ ನಡುವಯಸ್ಸಿನ ಹೆಂಗಸು. ಒಂದು ಕಂಕುಳಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ. ಬಟ್ಟೆ ಬಿಚ್ಚಿದಳು. ರೊಟ್ಟಿ ತಿಳಿಗೆಂಪಾಗಿತ್ತು.

"ಮಗಳು ಬಾಣಂತಿ ಅದಾಳ್ರಿ, ಹದಿನೈದು ದಿನ ಆತು" ಎಂದಳು. "ಒಂದು ತುತ್ತು ಬಾಯಾಗ ಇಟ್ಟು ಉಗುಳಿದಳು. ಕೂಸಿಗೆ ಹಾಲು ಕುಡಸ್ತಾಳ, ಹೆಂಗ ತಿಂತಾಳ್ರಿ? ನೀರಮಾನ್ವಿ ಎಲ್ಲಮ್ಮನಾಣಿ, ಮನ್ಯಾಗ ಬ್ಯಾರೆ ಹಿಟ್ಟಿಲ್ಲ." ನಾನು ಬೈಗುಳಕ್ಕೆ ತಲೆತಗ್ಗಿಸಿ ನಿಂತೆ. ಆಕೆ ಬೈಯಲಿಲ್ಲ. ಚಾಚಾನ ಕಡೆ ತಿರುಗಿ, "ಕಲ್ಲಿಗೆ ಏನರ ಆಗ್ಯಾದೇನು ಚಾಚಾ? ನೀವಿದ್ದಾಗ ಹಿಂಗ ಆಗಿದ್ದಿಲ್ಲ" ಎಂದಳು.

ಚಾಚಾ ಡಬ್ಬಿಯಿಂದ ಚಿಟಿಕೆ ಹಿಟ್ಟು ತೆಗೆದು ನಾಲಿಗೆಗೆ ಇಟ್ಟುಕೊಂಡ. "ಕಲ್ಲಿಗೂ ವಯಸ್ಸಾಗ್ತದಮ್ಮ" ಎಂದ. "ನೀ ನಡಿ, ಮನಿಗೆ ನಡಿ, ಚಾಚಿ ಹಿಟ್ಟು ಕೊಡ್ತಾಳ." ತನ್ನ ಮನೆಯ ಹಿಟ್ಟಿನ ಡಬ್ಬಿಯನ್ನು ಆಕೆಗೆ ಕೊಡಿಸಿ, ಆಕೆಯ ಡಬ್ಬಿಯನ್ನು ತಾನಿಟ್ಟುಕೊಂಡ. ಅವನಾದರೂ ನನಗೆ ನೆಟ್ಟಗೆ ನಾಲ್ಕು ಬೈದಿದ್ದರೆ ಆಗಲೇ ಬಸ್ಸು ಹತ್ತಿಬಿಡುತ್ತಿದ್ದೆ.

ಮಧ್ಯಾಹ್ನ ಕ್ಷಮೆ ಕೇಳೋಣವೆಂದು ಮನೆಗೆ ಹೋದರೆ ಚಾಚಾ ಊಟಕ್ಕೆ ಕೂತಿದ್ದ. ಎದುರಿಗೆ ಅದೇ ತಿಳಿಗೆಂಪು ರೊಟ್ಟಿ. ಕನ್ನಡಕದ ಕೆಳಗಿನಿಂದ, ಆಪರೇಷನ್ ಆದ ಕಣ್ಣಿನಿಂದ, ನೀರು ಇಳಿಯುತ್ತಿತ್ತು.

"ಚಾಚಾ! ಡಾಕ್ಟರು ಖಾರ ಬ್ಯಾಡ ಅಂದಿಲ್ಲೇನು?"

"ಅಂದಾರ" ಎಂದು ಕೆನ್ನೆ ಒರೆಸಿಕೊಂಡ. "ಕಣ್ಣಾಗ ನೀರು ಜಾಸ್ತಿ ಆತಲ್ಲ, ಬರ್ಕೋ. ದೇಶದ ನೀರಾವರಿ ಬೆಳದದ."

ಇದನ್ನು ಚೆಲ್ಲಿಬಿಡಬಾರದೇ ಎಂದೆ. ಒಲೆಯ ಮುಂದಿದ್ದ ಚಾಚಿ ತಿರುಗಿದಳು. "ಚೆಲ್ಲಾಕ ಇದೇನು ಹೊಸದೇನಪ್ಪ? ಪ್ರತಿ ಮಂಗಳವಾರ ನಮ್ಮ ಮನ್ಯಾಗ ಇದೇ ರೊಟ್ಟಿ. ಮೆಣಸಿನಕಾಯಿ ಆದಕೂಡ್ಲೆ ನಮ್ಮ ಜ್ವಾಳ ಒಂದು ಸೇರು ಹಾಕಿ ಕಲ್ಲು ತೊಳೀತಾರ ಇವರು. ಆ ಹಿಟ್ಟು ಮನಿಗೆ ಬರ್ತದ. ಆಮ್ಯಾಲ ಮಂದೀದು."

ನಾನು ನಿಂತಲ್ಲೇ ಕೂತೆ. ಅರ್ಧ ಎಳೆದ ಷಟರ್. ಕಾಲು ತಾಸು. ಶುದ್ಧ ನಷ್ಟ.

"ಯಾರಿಗೂ ಯಾಕ ಹೇಳಲಿಲ್ಲ?" ಎಂದೆ.

"ಹೇಳಿದ್ರ ಏನಾಗ್ತದ?" ಎಂದ ಚಾಚಾ. "ಕಲ್ಲು ತೊಳಿಯಾಕ ಯಾರ ಜ್ವಾಳ ಅಂತ ಜಗಳ ಆಗ್ತದ. ಬಾಯಿ ಇದ್ದಾಕಿ ಗೆಲ್ತಾಳ. ಬಾಯಿ ಇಲ್ಲದಾಕಿ ಸುಮ್ನ ತನ್ನ ಜ್ವಾಳ ಸುರೀತಾಳ. ಅದಕ್ಕ ಎಲ್ಲಾ ಕಲ್ಲಿನ ಮ್ಯಾಲ ಹಾಕಿಬಿಟ್ಟೆ. ಕಲ್ಲಿಗೇನು ಹೊಟ್ಟಿ ಉರೀತದೇನು?"

ಚಾಚಿ ಬಿಡಲಿಲ್ಲ. "ಸುರು ಆಗಿದ್ದು ಯಾರಿಂದ ಅಂತ ಹೇಳ್ರಿ ಅವನಿಗೆ" ಎಂದಳು. ಚಾಚಾ ಕೈಯಾಡಿಸಿ "ನಕ್ಕೋ, ಬ್ಯಾಡ" ಎಂದ. ಆಕೆ ಹೇಳಿಯೇಬಿಟ್ಟಳು.

"ನೀ ಆಗ ಎರಡು ವರ್ಷದಾಂವ. ನಿಮ್ಮವ್ವ ಕೂಲಿಯಿಂದ ಸಂಜಿಗೆ ಬಂದು ಬೀಸಿಸಿಕೊಂಡು ಹೋದಳು, ಮೆಣಸಿನಕಾಯಿ ಹಿಂದ. ಮರುದಿನ ಮುಂಜಾನೆ ನಿನ್ನ ಎತ್ಕೊಂಡು ಬಂದಳು. ಖಾರ ರೊಟ್ಟಿ ತಿಂದು ನಿನ್ನ ತುಟಿ ಬಾತಿದ್ವು, ಅತ್ತೂ ಅತ್ತೂ ದನಿ ಹೋಗಿತ್ತು. ಬೈತಾಳಂತ ಇವರು ಕಾದ್ರು. ಆಕಿ ಬೈಲಿಲ್ಲಪ್ಪ. 'ಹಿಂದ ಬಂದು ನಿಂತಿದ್ದು ನಂದೇ ತಪ್ಪು ಅಣ್ಣಾ, ಇನ್ನ ಮ್ಯಾಲ ಲಗೂನ ಬರ್ತೀನಿ' ಅಂದಳು. ಕೂಲಿ ಬಿಟ್ಟು ಹೆಂಗ ಲಗೂನ ಬರ್ತಾಳ? ಅವತ್ತು ಇವರು ಉಣಲಿಲ್ಲ."

ನಲವತ್ತೈದು ವರ್ಷ. ಅವ್ವ ತಿಂದದ್ದು, ನಾನು ತಿಂದದ್ದು, ತಿಂದು ಓದಿ ಅರ್ಥಶಾಸ್ತ್ರದ ಮೇಷ್ಟ್ರಾದದ್ದು, ಎಲ್ಲ ಆ ಒಂದು ಸೇರಿನ ಆಚೆಗಿನ ಹಿಟ್ಟು. ನಾನು ಕಲಿತ ಯಾವ ಲೆಕ್ಕದಲ್ಲೂ ಆ ಸೇರು ಬರುವುದಿಲ್ಲ. ಬಂದರೂ ನಷ್ಟದ ಕಡೆಗೆ ಬರುತ್ತದೆ. ಹಾಗೆ ಬರೆದವನು ನಾನೇ. ನನಗೆ ಮುಖ ಎತ್ತಲು ನಾಚಿಕೆಯಾಯಿತು.

ಚಾಚಾ ತುತ್ತು ನುಂಗಿ ನೀರು ಕುಡಿದ. "ಇವತ್ತು ಆ ಹೆಣ್ಮಗಳೂ ಬೈಲಿಲ್ಲ" ಎಂದ. "ಅಂದ್ರ ನೀ ಗೆದ್ದಿ. ಮಾತು ಅಂದ್ರ ಮಾತು. ಎಲ್ಲದ ನಿನ್ನ ಅರ್ಜಿ? ತಗಿ, ಸೈನ್ ಹಾಕ್ತೀನಿ."

ಆತ ತಮಾಷೆ ಮಾಡುತ್ತಿರಲಿಲ್ಲ. ಕೈ ತೊಳೆದುಕೊಂಡು ನಿಜವಾಗಿಯೂ ಕೈ ಚಾಚಿದ. ಅರ್ಜಿ ನನ್ನ ಚೀಲದಲ್ಲೇ ಇತ್ತು, ಚೀಲ ನನ್ನ ತೊಡೆಯ ಮೇಲೇ ಇತ್ತು.

"ರಾಯಚೂರಿನ್ಯಾಗ ಬಿಟ್ಟು ಬಂದೀನಿ ಚಾಚಾ" ಎಂದೆ.

ಚಾಚಿ ನನ್ನ ಮುಂದೆಯೂ ತಾಟು ಇಟ್ಟು ರೊಟ್ಟಿ ಹಾಕಲು ಬಂದಳು. ಚಾಚಾ ಅಡ್ಡ ಕೈ ಹಿಡಿದ. "ಅವನಿಗೆ ಬ್ಯಾಡ. ಅವನಿಗೆ ಖಾರ ತಡಿಯಂಗಿಲ್ಲ" ಎಂದ.

ನಾನು ಆ ಕೈ ಸರಿಸಿ, ರೊಟ್ಟಿ ಇಸಿದುಕೊಂಡು, ಮುರಿದು ತಿಂದೆ. ಎರಡನೆಯ ತುತ್ತಿಗೆ ಕಿವಿ ಬಿಸಿಯಾಯಿತು, ಮೂಗು ಸೋರಿತು, ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಲಿಲ್ಲ.

"ಹೆಂಗದ?" ಎಂದ ಚಾಚಾ.

"ನಿಮ್ಮ ಕಲ್ಲಿಗೆ ಖಾರ ಹಿಡಿಯಂಗಿಲ್ಲ ಬಿಡ್ರಿ, ಚಾಚಾ" ಎಂದೆ.